ಪಡುವಲ ಅಟ್ಟದ ಕೆಳಗೆ ನಿಂತ ಜಾಬು

ನನ್ನ ಕೆಲಸ ಏನೆಂದು ಅತ್ತೆಗೆ ಮೂರು ಸಲ ವಿವರಿಸಿದ್ದೇನೆ. ಮೊದಲ ಸಲ ಅರ್ಥವಾಗಲಿಲ್ಲ ಅಂದರು. ಎರಡನೇ ಸಲ ಅರ್ಥವಾದವರಂತೆ ತಲೆಯಾಡಿಸಿದರು. ಮೂರನೇ ಸಲ ವಿವರಿಸಿದ ಮೇಲೆ ಹೊನ್ನವಳ್ಳಿ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ನನಗಿಂತ ಚೆನ್ನಾಗಿ ಹೇಳಿದರು.

"ಅಮೇರಿಕದಾಗೆ ಒಂದು ದೊಡ್ಡ ಹಳೇ ಮಿಷನ್ ಐತಂತೆ ಕಣಕ್ಕ. ಅಲ್ಲಿಯೋರು ಮಲಗಿದ ಮ್ಯಾಲೆ ಅದು ಕೆಲ್ಸ ಶುರು ಮಾಡ್ತೈತಂತೆ. ಒಂದಾದ್ಮೇಲೆ ಒಂದು, ಒಂದಾದ್ಮೇಲೆ ಒಂದು. ಎಲ್ಲಾದ್ರೂ ನಿಂತ್ಕಂಡ್ರೆ ನಮ್ ಸೊಸೆ ತಿವಿದು ಎಬ್ಬುಸ್ತಾಳೆ."

ಇಪ್ಪತ್ತು ವರ್ಷದ ನನ್ನ ಅನುಭವವನ್ನು ಅವರು ನಾಲ್ಕು ಮಾತಿನಲ್ಲಿ ಮುಗಿಸಿದ್ದರು. ನಾನು ಕಿಟಕಿಯ ಕಡೆ ನೋಡುತ್ತಾ ಕೂತೆ.

ಆ ಹಳೇ ಮಿಷನ್ನಿಗೆ ಮೇನ್‌ಫ್ರೇಮ್ ಅನ್ನುತ್ತಾರೆ. ನಾನು ನೋಡಿಕೊಳ್ಳುವುದು ಸಮುದ್ರದಾಚೆಯ ಒಂದು ಔಷಧ ಹಂಚುವ ಕಂಪನಿಯದನ್ನು. ಹಗಲೆಲ್ಲ ಬಂದ ಆರ್ಡರುಗಳನ್ನು ಅವರ ರಾತ್ರಿ ಹೊತ್ತು, ಅಂದರೆ ನಮ್ಮ ಹಾಡುಹಗಲು, ಅದು ಒಟ್ಟಿಗೆ ರುಬ್ಬುತ್ತದೆ. ಒಂದೊಂದು ಕೆಲಸಕ್ಕೂ ಜಾಬು ಎಂದು ಹೆಸರು. ಆರ್ಡರು ಸೇರಿಸುವ ಜಾಬು ಮುಗಿದರೆ ದಾಸ್ತಾನು ಹೊಂದಿಸುವ ಜಾಬು, ಅದು ಮುಗಿದರೆ ಯಾವ ಲಾರಿಗೆ ಯಾವ ಔಷಧ ಎಂಬ ಪಟ್ಟಿಯ ಜಾಬು. ಅಲ್ಲಿ ಬೆಳಗಿನ ಆರು ಗಂಟೆಗೆ, ನಮ್ಮ ಮಧ್ಯಾಹ್ನ ಮೂರೂವರೆಗೆ, ಪಟ್ಟಿ ಉಗ್ರಾಣಕ್ಕೆ ತಲುಪಬೇಕು. ತಲುಪದಿದ್ದರೆ ಲಾರಿಗಳು ನಿಂತಲ್ಲೇ ನಿಲ್ಲುತ್ತವೆ.

ಜಾಬುಗಳು ಎರಡು ಥರ ಕೈಕೊಡುತ್ತವೆ. ಕೆಲವು ಬಿದ್ದುಹೋಗುತ್ತವೆ. ಅವು ಒಳ್ಳೆಯವು, ಬಿದ್ದ ತಕ್ಷಣ ಕೂಗಿಕೊಳ್ಳುತ್ತವೆ, ಯಾಕೆ ಬಿದ್ದೆ ಎಂದು ಒಂದು ಸಂಕೇತವನ್ನೂ ಕೊಡುತ್ತವೆ. ಒಂದು ಸಂಕೇತಕ್ಕೆ ಬರೆಯಲು ಜಾಗ ಸಾಲಲಿಲ್ಲ ಎಂದು ಅರ್ಥ. ಅದನ್ನು ಹೇಳಿದಾಗ ಅತ್ತೆ, "ಅಟ್ಟ ತುಂಬೈತೆ ಅನ್ನು," ಅಂದರು. ಇನ್ನೊಂದಕ್ಕೆ ಅಂಕಿ ಇರಬೇಕಾದ ಕಡೆ ಅಕ್ಷರ ಬಂದು ಕೂತಿದೆ ಎಂದು ಅರ್ಥ. ಅದಕ್ಕೆ ಅತ್ತೆ, "ನಿಮ್ಮ ಮಾವ ಅಂಗೇನೆ. ಎಷ್ಟು ಕಾಯಿ ಬಿತ್ತು ಅಂದ್ರೆ 'ಸುಮಾರಾಗೈತೆ' ಅನ್ನೋರು," ಎಂದು ನಕ್ಕರು. ಎರಡನೇ ಥರದವು ಬೀಳುವುದಿಲ್ಲ, ಮುಗಿಯುವುದೂ ಇಲ್ಲ. ಓಡುತ್ತಿದ್ದೇನೆ ಎಂದು ಪರದೆಯ ಮೇಲೆ ತೋರಿಸಿಕೊಂಡು ಸುಮ್ಮನಿರುತ್ತವೆ. ಈ ಕಥೆ ಅಂಥದ್ದೊಂದರದು.

ಏಳು ವರ್ಷ ನಾನು ಈ ಮನೆಗೆ ವಾರಕ್ಕೆ ಎರಡು ದಿನದ ಸೊಸೆ. ಶುಕ್ರವಾರ ಸಂಜೆ ತಿಪಟೂರಿನಲ್ಲಿ ರೈಲು ಇಳಿಯುವುದು, ಭಾನುವಾರ ಸಂಜೆ ಅಳುಮೋರೆ ಹಾಕಿಕೊಂಡು ಹತ್ತುವುದು. ಯಜಮಾನರಿಗೆ ತಿಪಟೂರಿನಲ್ಲಿ ಹನಿ ನೀರಾವರಿ ಪೈಪಿನ ಅಂಗಡಿ, ಅವರು ಕದಲುವ ಹಾಗಿಲ್ಲ. ನನಗೆ ಬೆಂಗಳೂರಿನ ಆಫೀಸು, ನಾನು ಕದಲುವ ಹಾಗಿಲ್ಲ. ಕೊನೆಗೆ ಒಂದು ದಿನ ರೇಗಿಹೋಗಿ, ಮನೆಯಿಂದಲೇ ಕೆಲಸ ಮಾಡುತ್ತೇನೆ, ಆಗದಿದ್ದರೆ ರಾಜೀನಾಮೆ ಎಂದು ಬರೆದುಹಾಕಿದೆ. ನಮ್ಮ ತಂಡದ ಲೀಡ್ ನನಗಿಂತ ಹತ್ತು ವರ್ಷ ಚಿಕ್ಕವರು, ಸಮಾಧಾನದ ಮನುಷ್ಯ. ಫೋನು ಮಾಡಿದರು.

"ಮೂರು ತಿಂಗಳು ನೋಡೋಣ ಮೇಡಂ. ಆದ್ರೆ ಒಂದು ಮಾತು. ಊರಿನ ಕಾರಣಕ್ಕೆ ಒಂದೇ ಒಂದು ಜಾಬು ಕೆಟ್ಟರೂ ವಾಪಸ್ ಆಫೀಸು. ಮೇಲಿನವರು ಹಾಗೇ ಹೇಳಿದ್ದಾರೆ."

ಊರಿನ ಕಾರಣ ಎಂದರೆ ಕರೆಂಟು, ನೆಟ್ಟು ಎಂದುಕೊಂಡೆ. ಯುಪಿಎಸ್ ತಂದೆ, ಅದಕ್ಕೆ ದೊಡ್ಡ ಬ್ಯಾಟರಿ ತಂದೆ, ಎರಡೆರಡು ಕಂಪನಿಯ ನೆಟ್ಟು ಹಾಕಿಸಿದೆ. ತೋಟಕ್ಕೆ ತ್ರೀ ಫೇಸ್ ಕೊಡುವ ಹೊತ್ತನ್ನು ಗೋಡೆಗೆ ಬರೆದು ಅಂಟಿಸಿದೆ. ನನ್ನ ಇಷ್ಟು ತಯಾರಿ ನೋಡಿ ಯಜಮಾನರು, "ನಮ್ ಮದುವೆಗೂ ಇಷ್ಟು ಓಡಾಡಿರ್ಲಿಲ್ಲ ಕಣೇ ನೀನು," ಅಂದರು. ಓಡಾಡಿರಲಿಲ್ಲ, ನಿಜ.

ನೆಟ್ಟು ಗಟ್ಟಿಯಾಗಿ ಸಿಗುತ್ತಿದ್ದುದು ಮಹಡಿಯ ಪಡುವಲ ಕೋಣೆಯಲ್ಲಿ ಮಾತ್ರ. ಅದರ ತಲೆಯ ಮೇಲೆ ಪಡುವಲ ಅಟ್ಟ. ನಮ್ಮ ಮನೆಯಲ್ಲಿ ಎರಡು ಅಟ್ಟ, ಮೂಡಲದ್ದು ದನದ ಕೊಟ್ಟಿಗೆಯ ಮೇಲೆ, ಪಡುವಲದ್ದು ನನ್ನ ಮೇಲೆ. ಸಿಪ್ಪೆ ಸಮೇತ ತೆಂಗಿನಕಾಯಿ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಯಾರೂ ಮುಟ್ಟುವುದಿಲ್ಲ. ಒಳಗಿನ ನೀರು ತಾನೇ ಇಂಗಿ, ತಿರುಳು ತಾನೇ ಒಣಗಿ, ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗಬೇಕು. ಆಮೇಲೆ ಅತ್ತೆ ಒಂದೊಂದೇ ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗಡಗಡ ಅಂದರೆ ಒಡೆಯುವವರ ರಾಶಿಗೆ. ಅನ್ನದಿದ್ದರೆ ಮತ್ತೆ ಅಟ್ಟಕ್ಕೆ. ಅಂಥ ಅಟ್ಟದ ಬಿದಿರು ದಬ್ಬೆಗಳ ಸಂದಿಯಿಂದ ನನ್ನ ಕೀಬೋರ್ಡಿನ ಮೇಲೆ ಆಗಾಗ ನಾರಿನ ಪುಡಿ ಉದುರುತ್ತಿತ್ತು. ಮೀಟಿಂಗಿನಲ್ಲಿ ಕ್ಯಾಮೆರಾ ಹಾಕಿದಾಗ ತಲೆಯ ಮೇಲೂ ಉದುರಿ, ಒಬ್ಬ ಸಹೋದ್ಯೋಗಿ ಅಲ್ಲಿ ಮಳೆಯೇ ಎಂದು ಕೇಳಿದ್ದೂ ಉಂಟು.

ನನಗೆ ಒಂದು ಜಂಬವಿತ್ತು, ತಾಳ್ಮೆಯ ಜಂಬ. ಮನೆಯವರ ಮೇಲೆ ರೇಗುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ, ಆದರೆ ಜಾಬುಗಳ ವಿಷಯದಲ್ಲಿ ನಾನು ಹರಿಶ್ಚಂದ್ರನ ಹೆಂಡತಿ. ಒಮ್ಮೆ ಆಫೀಸಿನ ಹೊಸಬರೊಬ್ಬರು, ಜಾಬು ತಡವಾಯಿತೆಂದು ಗಾಬರಿಯಾಗಿ ಅದನ್ನು ಮಧ್ಯದಲ್ಲೇ ಕೊಂದುಹಾಕಿದರು. ಇನ್ನು ಐದು ನಿಮಿಷ ಬಿಟ್ಟಿದ್ದರೆ ಅದೇ ಮುಗಿಯುತ್ತಿತ್ತು. ಮಾಡಿದ್ದನ್ನೆಲ್ಲ ಅಳಿಸಿ ಮೊದಲಿನಿಂದ ಓಡಿಸಲು ಎರಡರಷ್ಟು ಹೊತ್ತು ಹಿಡಿಯಿತು. ಅವತ್ತು ನಾನು ಎಲ್ಲರೆದುರು ಭಾಷಣ ಬಿಗಿದೆ. "ನಮ್ಮ ಕಡೆ ಕಾಯಿಯನ್ನ ಹನ್ನೊಂದು ತಿಂಗಳು ಅಟ್ಟದ ಮೇಲೆ ಬಿಡ್ತೀವಿ. ನಿಮಗೆ ಹನ್ನೊಂದು ನಿಮಿಷ ಬಿಡೋಕಾಗಲ್ಲವಾ?" ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯೇ ಮುಂದೆ ನನ್ನ ತಲೆ ತಿಂದಿತು.

ಮೂರು ತಿಂಗಳ ಗಡುವು ಮುಗಿಯಲು ಇನ್ನೊಂದು ವಾರ ಇತ್ತು. ಅದು ತಿಂಗಳ ಕೊನೆಯ ದಿನ, ಜಾಬುಗಳು ಎಂದಿಗಿಂತ ನಿಧಾನವಾಗಿರುವ ದಿನ. ಅವತ್ತೇ ಕೆಂಕೆರೆ ಕಡೆಯಿಂದ ಕೊಬ್ಬರಿ ಒಡೆಯುವವರು ನಾಲ್ಕು ಜನ ಬಂದಿದ್ದರು, ಮೂಡಲ ಅಟ್ಟದ ಕಾಯಿ ಇಳಿಸಿ ಅಂಗಳದಲ್ಲಿ ಕೂತಿದ್ದರು. ಹಿಂದಿನ ದಿನ ದಾಸ್ತಾನಿನ ಫೈಲಿನ ಒಂದು ಸಾಲಿನಲ್ಲಿ ಅಂಕಿಯ ಜಾಗಕ್ಕೆ ಅಕ್ಷರ ಬಂದು ತಕರಾರಾಗಿತ್ತು. ಅದು ಸರಿಹೋಗಿದೆಯೇ ಎಂದು ನೋಡಲು ಹನ್ನೊಂದೂಮುಕ್ಕಾಲಿಗೆ ಆ ಫೈಲನ್ನು ತೆರೆದೆ. ಅಷ್ಟರಲ್ಲಿ ಕೆಳಗಿನಿಂದ ಅತ್ತೆಯ ಕೂಗು.

"ಒಂದ್ ಗಳಿಗೆ ಬಾರೇ! ಒಡೆಯೋರಿಗೆ ಕಾಫಿ ಕೊಟ್ಟೋಗು, ನನ್ನ ಕೈಯೆಲ್ಲ ನಾರು."

ಅತ್ತೆ ಕೆಲಸದ ಹೊತ್ತಿನಲ್ಲಿ ಕರೆಯುವವರಲ್ಲ. ಕರೆದರೆಂದರೆ ಹೋಗಲೇಬೇಕು. ಇಳಿದೆ, ಕಾಫಿ ಕೊಟ್ಟೆ, ಒಡೆಯುವವರಲ್ಲಿ ಹಿರಿಯಾಕೆಯ ಜೊತೆ ನಾಲ್ಕು ಮಾತಾಡಿದೆ. ಆಕೆ ಚಿಪ್ಪಿಗೆ ಏಟು ಹಾಕುತ್ತಲೇ ಅತ್ತೆಯನ್ನು ಕೇಳಿದರು.

"ಪಡುವಲ ಅಟ್ಟ ಯಾವಾಗ ಕಣವ್ವ? ಅದೇ ಮುಂಚೆ ತುಂಬಿದ್ದಲ್ವಾ?"

"ಅದಿನ್ನೂ ಆಗಿಲ್ಲ ಬುಡು," ಎಂದು ಅತ್ತೆ ಮಾತು ಮುರಿದರು.

ಮೇಲೆ ಬಂದಾಗ ಹನ್ನೆರಡೂಕಾಲು. ಪರದೆಯಲ್ಲಿ ಇನ್ನೊಂದು ಕಿಟಕಿ ತೆರೆದು ಜಾಬುಗಳ ಸಾಲು ನೋಡಿದೆ. ದಾಸ್ತಾನಿನ ಜಾಬು ಹನ್ನೆರಡಕ್ಕೆ ಶುರುವಾಗಿತ್ತು, ಹಸಿರು ಬಣ್ಣದಲ್ಲಿ ಓಡುತ್ತಿತ್ತು. ಸಾಮಾನ್ಯ ದಿನ ಇಪ್ಪತ್ತು ನಿಮಿಷದ ಕೆಲಸ, ತಿಂಗಳ ಕೊನೆಗೆ ಇನ್ನಷ್ಟು. ಹನ್ನೆರಡೂವರೆ ಆಯಿತು. ಒಂದಾಯಿತು. ಹಸಿರು ಹಳದಿಗೆ ತಿರುಗಿ, ತಡವಾಗಿದೆ ಎಂಬ ಎಚ್ಚರಿಕೆ ಬಂತು. ಅದರ ಬಾಯಿ ಮುಚ್ಚಿಸಿದೆ. ಲೀಡ್ ಮೆಸೇಜು ಹಾಕಿದರು, ಅದ್ಯಾಕೆ ಹಳದಿ ಎಂದು. ನಾನು ಕಾಲ ಮೇಲೆ ಕಾಲು ಹಾಕಿಕೊಂಡು ಉತ್ತರಿಸಿದೆ: "ತಿಂಗಳ ಕೊನೆ. ಬರುತ್ತೆ ಬಿಡಿ. ಅವಸರ ಮಾಡಬಾರದು." ಒಂದೂವರೆಯಾದರೂ ಬರಲಿಲ್ಲ. ಆದರೂ ನಾನು ಮುಟ್ಟಲಿಲ್ಲ. ಈಗ ನೆನೆಸಿಕೊಂಡರೆ ನನ್ನ ಕಪಾಳಕ್ಕೆ ನಾನೇ ಬಾರಿಸಬೇಕು ಅನ್ನಿಸುತ್ತದೆ.

ಊಟಕ್ಕೆ ಇಳಿಯಲಿಲ್ಲವೆಂದು ಅತ್ತೆಯೇ ತಟ್ಟೆ ಹಿಡಿದು ಮೇಲೆ ಬಂದರು. ಮುದ್ದೆ, ಹುರುಳಿಕಾಳು ಸಾರು. ಇನ್ನೊಂದು ಕೈಯಲ್ಲಿ ಒಂದು ಕಾಯಿ. ನನ್ನ ಮುಖ ನೋಡಿ, "ಏನಾಯ್ತೇ?" ಅಂದರು.

"ಒಂದು ಜಾಬು ಸದ್ದಿಲ್ಲದೆ ಕೂತಿದೆ ಅತ್ತೆ. ಕಾಯ್ತಾ ಇದೀನಿ. ನಿಮ್ಮ ಕಾಯಿ ಥರ."

ಅವರಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಅವರು ಹುಬ್ಬು ಗಂಟಿಕ್ಕಿದರು.

"ಸದ್ದಿಲ್ದೆ ಕುಂತೈತೆ ಸರಿ. ಕೈಯಾಗೆ ಎತ್ತಿ ನೋಡಿದ್ಯಾ?"

"ಎತ್ತೋದು ಅಂದ್ರೆ?"

ಆ ಕಾಯಿಯನ್ನು ನನ್ನ ಕೈಗೆ ಹಾಕಿದರು. ಅಲ್ಲಾಡಿಸಿದೆ, ಸದ್ದಿಲ್ಲ. ಆದರೆ ಬೆಂಡಿನ ಹಾಗೆ ಹಗುರ.

"ಸದ್ದಿಲ್ಲ, ಭಾರ ಐತೆ ಅಂದ್ರೆ ಒಳಗೆ ಇನ್ನೂ ನೀರೈತೆ, ಕೆಲ್ಸ ನಡೀತೈತೆ. ಅದಕ್ಕೆ ಕಾಯ್ಬೇಕು. ಸದ್ದೂ ಇಲ್ಲ, ಭಾರಾನೂ ಇಲ್ಲ ಅಂದ್ರೆ ಕೊಳೆತೈತೆ, ಇಲ್ಲ ಚಿಪ್ಪಿಗೆ ಅಂಟ್ಕಂಡೈತೆ. ಅದನ್ನ ಇನ್ನೊಂದು ವರ್ಷ ಮಡಗಿದ್ರೂ ಅಷ್ಟೇ. ಎತ್ತಿ ನೋಡ್ದೆ ಕಾಯೋದಕ್ಕೆ ತಾಳ್ಮೆ ಅನ್ನಲ್ಲ ಕಣೇ, ಮೈಗಳ್ಳತನ ಅಂತಾರೆ."

ನನಗೆ ಮೈ ಉರಿಯಿತು. ಇಪ್ಪತ್ತು ವರ್ಷದ ಅನುಭವಸ್ಥೆಗೆ ಮೈಗಳ್ಳಿ ಎಂದರೆ ಯಾರಿಗೆ ಉರಿಯುವುದಿಲ್ಲ? ಆದರೂ ತಟ್ಟೆ ಪಕ್ಕಕ್ಕಿಟ್ಟು ಜಾಬನ್ನು ಎತ್ತಿ ನೋಡಿದೆ. ಅಂದರೆ, ಶುರುವಾದಾಗಿನಿಂದ ಅದು ಮಿಷನ್ನಿನ ಎಷ್ಟು ಸಮಯ ಬಳಸಿದೆ ಎಂಬ ಲೆಕ್ಕ ತೆಗೆದೆ. ಓಡುತ್ತಿರುವ ಜಾಬಿಗೆ ಆ ಅಂಕಿ ಏರುತ್ತಲೇ ಇರಬೇಕು. ಇದರದ್ದು ಸೊನ್ನೆ. ಎರಡು ನಿಮಿಷ ಬಿಟ್ಟು ನೋಡಿದೆ, ಸೊನ್ನೆ. ಇಡೀ ಒಂದೂಮುಕ್ಕಾಲು ಗಂಟೆ ಅದು ಬಾಗಿಲ ಹೊರಗೆ ನಿಂತಿತ್ತು, ಒಳಗೇ ಹೋಗಿರಲಿಲ್ಲ.

ಯಾಕೆ ನಿಂತಿದೆ ಎಂದು ದಾಖಲೆ ತೆಗೆದೆ. ದಾಸ್ತಾನಿನ ಫೈಲಿಗಾಗಿ ಕಾಯುತ್ತಿದ್ದೇನೆ, ಅದನ್ನು ಬೇರೆ ಯಾರೋ ಹಿಡಿದುಕೊಂಡಿದ್ದಾರೆ ಎಂದಿತ್ತು. ಯಾವ ಅಬ್ಬೇಪಾರಿ ಹಿಡಿದುಕೊಂಡಿದ್ದಾನೆ ಎಂದು ಗಟ್ಟಿಯಾಗಿಯೇ ಬೈದುಕೊಳ್ಳುತ್ತಾ ಕೆಳಗಿನ ಸಾಲಿಗೆ ಇಳಿದೆ. ಅಲ್ಲಿ ಇದ್ದದ್ದು ನನ್ನದೇ ಐಡಿ. ಕಾಫಿಗೆ ಇಳಿಯುವ ಮೊದಲು ತೆರೆದಿಟ್ಟ ಫೈಲು ಹಿಂದಿನ ಕಿಟಕಿಯಲ್ಲಿ ಹಾಗೇ ತೆರೆದುಕೊಂಡಿತ್ತು. ಜಾಬು ನನಗಾಗಿ ಕಾಯುತ್ತಿತ್ತು, ನಾನು ಜಾಬಿಗಾಗಿ ಕಾಯುತ್ತಿದ್ದೆ. ತೆರೆದವರು ಮುಚ್ಚುವ ತನಕ ಆ ಫೈಲು ಇನ್ನೊಬ್ಬರಿಗೆ ಸಿಗುವುದಿಲ್ಲ, ನಾನು ಬಿಡದೆ ಅದು ಅಲುಗುವ ಹಾಗಿರಲಿಲ್ಲ.

"ಯಾರಂತೆ ಹಿಡ್ಕಂಡಿರೋದು?" ಅತ್ತೆ ಕೇಳಿದರು.

"ನಾನೇ ಅತ್ತೆ."

"ಬುಡು ಮತ್ತೆ!"

ಬಿಟ್ಟೆ. ಫೈಲು ಮುಚ್ಚಿದ ಮರುಕ್ಷಣ ಆ ಸೊನ್ನೆ ಏರತೊಡಗಿತು. ಆದರೆ ಆಗಲೇ ಎರಡು ಗಂಟೆಗೆ ಐದೇ ನಿಮಿಷ ಬಾಕಿ. ಈ ಜಾಬಿಗೆ ಇಪ್ಪತ್ತೈದು ನಿಮಿಷ, ಅದರ ಹಿಂದಿನ ಸಾಲಿಗೆ ಎರಡು ಗಂಟೆ. ಗಡುವು ಮೂರೂವರೆ. ಭಾನುವಾರದ ರೈಲು ಕಣ್ಣ ಮುಂದೆ ಬಂತು.

ಸಾಲಿನಲ್ಲಿ ಮೂರು ಜಾಬುಗಳು ಬರೀ ವರದಿಯವು. ಲಾರಿಗೆ ಅವು ಬೇಕಿಲ್ಲ, ಅಲ್ಲಿ ಹತ್ತು ಗಂಟೆಗೆ ಆಫೀಸಿಗೆ ಬರುವ ಸಾಹೇಬರಿಗೆ ಬೇಕು. ಅವನ್ನು ತಡೆಹಿಡಿದು ಪಟ್ಟಿಯ ಜಾಬನ್ನು ಮುಂದೆ ಬಿಟ್ಟರೆ ಹೊತ್ತು ಸಾಕಾಗಬಹುದಿತ್ತು. ಆದರೆ ಸಾಲು ಬದಲಿಸಲು ಲೀಡ್ ಒಪ್ಪಿಗೆ ಬೇಕು, ಒಪ್ಪಿಗೆಗೆ ಕಾರಣ ಹೇಳಬೇಕು. ಫೋನು ಕೈಗೆ ತಗೊಂಡೆ. 'ಫೈಲಿನ ತಿಕ್ಕಾಟ' ಎಂದು ದೊಡ್ಡ ಹೆಸರಿಟ್ಟು ಜಾರಿಕೊಳ್ಳಬಹುದು ಎಂದು ಒಂದು ಕ್ಷಣ ಅನ್ನಿಸಿತು. ಆದರೆ ದಾಖಲೆಯಲ್ಲಿ ನನ್ನ ಐಡಿ ಕೂತಿತ್ತಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

ಲೀಡ್, "ಸಾಲು ಬದಲಿಸಿ ಮೇಡಂ, ಒಪ್ಪಿಗೆ ಕಳಿಸ್ತೀನಿ," ಅಂದರು. ಆಮೇಲೆ, "ಫೈಲು ತೆರೆದಿಟ್ಟು ಎಲ್ಲಿಗೆ ಹೋಗಿದ್ರಿ?"

"ಕೆಳಗೆ. ಕೊಬ್ಬರಿ ಒಡೆಯೋರಿಗೆ ಕಾಫಿ ಕೊಡೋಕೆ."

"ಅಯ್ಯೋ. ಇದು ಊರಿನ ಕಾರಣವೇ ಆಯ್ತಲ್ಲ ಮೇಡಂ."

ಅತ್ತೆ ಪಕ್ಕದಲ್ಲೇ ನಿಂತಿದ್ದರು. ನಾನು ತಡೆಯುವ ಮುಂಚೆ ಫೋನಿಗೆ ಬಾಯಿ ತಂದರು. "ನಾನೇ ಕರೆದಿದ್ದು ಕಣಪ್ಪ. ಇವಳದೇನೂ ತಪ್ಪಿಲ್ಲ. ಬೇಕಾರೆ ನನ್ನ ಬಯ್ಯಿ." ಲೀಡ್ ಪಾಪ ತಬ್ಬಿಬ್ಬಾಗಿ, "ಇಲ್ಲಮ್ಮ, ಇಲ್ಲಮ್ಮ, ನಮಸ್ಕಾರ," ಎಂದು ಫೋನಿಟ್ಟರು.

ಆ ಒಂದೂವರೆ ಗಂಟೆ ಅತ್ತೆ ನನ್ನ ಕೋಣೆ ಬಿಟ್ಟು ಕದಲಲಿಲ್ಲ. ನೆಲದ ಮೇಲೆ ಕೂತು, ಒಂದೊಂದು ಜಾಬು ಮುಗಿದಾಗಲೂ "ಆಯ್ತಾ?" ಅನ್ನುವರು, ನಾನು "ಆಯ್ತು" ಅನ್ನುವೆ. ಮುದ್ದೆ ತಣ್ಣಗಾಗಿ ಕಲ್ಲಾಯಿತು. ಮೂರು ಇಪ್ಪತ್ತಾರಕ್ಕೆ ಪಟ್ಟಿ ಉಗ್ರಾಣ ತಲುಪಿತು ಎಂಬ ಸಾಲು ಪರದೆಯ ಮೇಲೆ ಬಂತು. ಇಬ್ಬರೂ ಒಟ್ಟಿಗೆ ಉಸಿರುಬಿಟ್ಟೆವು. "ಲಾರಿ ಹೊಂಟ್ವಾ?" ಎಂದು ಕೇಳಿ, ಹೊರಟವು ಎಂದ ಮೇಲೆ ಸೊಂಟ ಹಿಡಿದುಕೊಂಡು ಎದ್ದರು.

ಲಾರಿ ಹೊರಟರೂ ನನ್ನ ಗತಿ ನಿರ್ಧಾರವಾಗಿರಲಿಲ್ಲ. ಗಡುವಿಗೆ ಪಟ್ಟಿ ಮುಟ್ಟಿದರೂ ಜಾಬು ಕೆಟ್ಟದ್ದು ಕೆಟ್ಟದ್ದೇ, ಕಾರಣ ಮೇಲಿನವರ ಮುಂದೆ ಹೋಗಲೇಬೇಕು. ಆ ವಾರವೆಲ್ಲ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಯಜಮಾನರು ಮಾತ್ರ ಒಂದು ದಿನ ಸೂಟ್‌ಕೇಸಿನ ಧೂಳು ಒರೆಸುತ್ತಿದ್ದರು. ನಾನು ನೋಡಿದ್ದು ಕಂಡು, "ಸುಮ್ನೆ, ಜಿರಲೆ ಇತ್ತು," ಅಂದರು. ಅತ್ತೆ ಮಾತ್ರ ಒಂದು ಹೊಸ ಪದ್ಧತಿ ಶುರು ಮಾಡಿದರು. ನನ್ನನ್ನು ಕೆಳಗೆ ಕರೆಯಬೇಕಾದರೆ ಮೊದಲು ಮೆಟ್ಟಿಲ ಬುಡದಲ್ಲಿ ನಿಂತು ಕೂಗುವರು:

"ಏನಾರ ಹಿಡ್ಕಂಡಿದ್ದೀಯೇನೇ?"

"ಇಲ್ಲ ಅತ್ತೆ."

"ಅಂಗಾರೆ ಬಾ."

ಶುಕ್ರವಾರ ಸಂಜೆ ಲೀಡ್ ಫೋನು ಮಾಡಿದರು. ನನ್ನ ಘಟನೆ ಆದ ಮೇಲೆ ಅವರು ಇಡೀ ತಂಡದ ದಾಖಲೆ ತೆಗೆಸಿ ನೋಡಿದ್ದರಂತೆ. ಆ ಒಂದೇ ತಿಂಗಳಲ್ಲಿ ಬೆಂಗಳೂರಿನ ಆಫೀಸಿನಲ್ಲೇ ಕೂತ ಮೂವರು ಹೀಗೇ ಫೈಲು ತೆರೆದಿಟ್ಟು ಎದ್ದುಹೋಗಿದ್ದರಂತೆ. ಅವರ ಅದೃಷ್ಟ, ಆ ಹೊತ್ತಿಗೆ ಯಾವ ಜಾಬೂ ಬಂದಿರಲಿಲ್ಲ. "ಅವರೂ ಕಾಫಿಗೇ ಹೋಗಿದ್ದು ಮೇಡಂ. ಹಾಗಾಗಿ ಇದು ಊರಿನ ಕಾರಣ ಅಲ್ಲ, ಕಾಫಿ ಕಾರಣ ಅಂತ ಬರೆದೆ. ಇನ್ಮೇಲೆ ಹತ್ತು ನಿಮಿಷ ಮುಟ್ಟದಿದ್ದರೆ ಫೈಲು ತಾನೇ ಮುಚ್ಚಿಕೊಳ್ಳೋ ಹಾಗೆ ಮಾಡ್ತಿದೀವಿ. ನೀವು ಅಲ್ಲೇ ಇರಿ."

ಮೆಟ್ಟಿಲನ್ನು ಎರಡೆರಡಾಗಿ ಹಾರಿ ಕೆಳಗಿಳಿದೆ. ಅತ್ತೆ ಹಸುವಿಗೆ ಬೂಸಾ ಕಲಸುತ್ತಿದ್ದರು. ಹೇಳಿದೆ. ಕೈ ಒರೆಸಿಕೊಂಡರು, ಕಣ್ಣೂ ಒರೆಸಿಕೊಂಡರು. ನಾನು ಏನಾದರೂ ಮುದ್ದಿನ ಮಾತು ಬರುತ್ತದೆ ಎಂದು ನಿಂತಿದ್ದರೆ, ಅವರು ನೆಟ್ಟಗೆ ಏಣಿ ಹುಡುಕಲು ಹೊರಟರು.

"ನಾಳೆ ನಿಂಗೆ ರಜ ತಾನೆ? ಅಂಗಾರೆ ಪಡುವಲ ಅಟ್ಟ ಇಳ್ಸಾಣ."

"ಅದಿನ್ನೂ ಆಗಿಲ್ಲ ಅಂದ್ರಲ್ಲ ಅತ್ತೆ?"

ಅವರು ಏಣಿ ಇಟ್ಟು ಹತ್ತಿದರು. ನಾನೂ ಹಿಂದೆಯೇ ಹತ್ತಿದೆ. ಎದುರಿಗೆ ಸಿಕ್ಕ ಒಂದು ಕಾಯಿ ತೆಗೆದು ಕಿವಿಗೆ ಹಿಡಿದೆ. ಗಡಗಡ. ಇನ್ನೊಂದು ಗಡಗಡ. ಮೂಲೆಯದೊಂದು ಎಳೆದು ತೆಗೆದೆ, ಅದೂ ಗಡಗಡ.

"ಯಾವಾಗಿಂದ ಹಿಂಗಾಗಿವೆ ಅತ್ತೆ?"

"ನೀನು ಬಂದು ಕುಂತ ಹೊಸದ್ರಲ್ಲೇ ಆಗಿದ್ವು." ಅವರು ನನ್ನ ಮುಖ ನೋಡಲಿಲ್ಲ, ಕಾಯಿ ನೋಡುತ್ತಿದ್ದರು. "ನಿನ್ನ ತಲೆ ಮ್ಯಾಲೆ ಮೂರು ದಿನ ಕಾಯಿ ಉರುಳ್ಸುದ್ರೆ ಆಯಪ್ಪನಿಗೆ ಫೋನಾಗೆ ಕೇಳ್ಸಲ್ವಾ? ಇದೇನ್ ಗಲಾಟೆ ಊರು ಅಂತ ನಿನ್ನ ಕರುಸ್ಕಂಬಿಟ್ರೆ? ಅದಕ್ಕೇ ನಿನ್ ಪರೀಕ್ಷೆ ಮುಗೀಲಿ ಅಂತ ಬುಟ್ಟಿದ್ದೆ."

ಮೂರು ತಿಂಗಳು. ಈ ಮನೆಯಲ್ಲಿ ಆದ ಕಾಯಿ ಒಂದು ವಾರ ಹೆಚ್ಚಿಗೆ ಅಟ್ಟದ ಮೇಲೆ ಉಳಿದರೆ ಹುಳ ಬೀಳುತ್ತದೆಂದು ಒದ್ದಾಡುವ ಹೆಂಗಸು ಮೂರು ತಿಂಗಳು ಸುಮ್ಮನಿದ್ದರು. ಕೇಳಿದವರಿಗೆ ಆಗಿಲ್ಲ ಎಂದು ಸುಳ್ಳು ಹೇಳಿದ್ದರು. ಅದರ ಕೆಳಗೇ ಕೂತು ನಾನು, ಯಾವ ಜಾಬು ಯಾರಿಗಾಗಿ ಕಾಯುತ್ತಿದೆ ಎಂದು ಕಂಡುಹಿಡಿಯುವುದಕ್ಕೆ ಸಂಬಳ ತಗೊಳ್ಳುತ್ತಿದ್ದೆ. ಇಡೀ ಅಟ್ಟ ನನಗಾಗಿ ಕಾದಿದ್ದು ನನಗೆ ಗೊತ್ತಾಗಲಿಲ್ಲ. ಅಳು ಬಂತು, ನಗುವೂ ಬಂತು. ಎರಡನ್ನೂ ನಾರಿನ ಧೂಳಿನ ಮೇಲೆ ಹಾಕಿ ಮೂಗು ಒರೆಸಿಕೊಂಡೆ.

ಮರುದಿನ ಬೆಳಿಗ್ಗೆ ಕೆಂಕೆರೆಯವರು ಬಂದರು. ರಜವಾದರೂ ಅಭ್ಯಾಸಬಲ, ನಾನು ಒಮ್ಮೆ ಲ್ಯಾಪ್‌ಟಾಪ್ ತೆರೆದು ಜಾಬುಗಳ ಸಾಲು ನೋಡುತ್ತಿದ್ದೆ. ತಲೆಯ ಮೇಲೆ ಮೊದಲ ಕಾಯಿ ಉರುಳಿದ ಸದ್ದಾಯಿತು, ಕೀಬೋರ್ಡಿನ ತುಂಬ ನಾರು ಉದುರಿತು. ದಬ್ಬೆಯ ಸಂದಿಯಿಂದ ಅತ್ತೆಯ ದನಿ ಬಂತು.

"ಏನಾರ ಹಿಡ್ಕಂಡಿದ್ದೀಯೇನೇ?"

"ಇಲ್ಲ ಅತ್ತೆ," ಎಂದು ಎಲ್ಲವನ್ನೂ ಮುಚ್ಚಿ ಏಣಿ ಹತ್ತಿದೆ.